ಕೆಳಗಿನ ಮನೆಯ ನಾಯಿ ಮತ್ತು ಶ್ರಾವಣದ ಮಂಗಳವಾರಗಳು

ನನ್ನ ಮಗಳನ್ನು ಕಚ್ಚಿದ ನಾಯಿಯ ಆಯುಸ್ಸಿಗಾಗಿ ನಾನು ಹತ್ತು ದಿನ ತುಪ್ಪದ ದೀಪ ಹಚ್ಚಿದ್ದೇನೆ. ಈಗ ಹೇಳಿದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆಗ ಮಾತ್ರ ಒಂದು ದಿನವೂ ನಗು ಬಂದಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮನೆಯವರಿಗೆ ಬ್ಯಾಂಕಿನಲ್ಲಿ ಕೆಲಸ. ಚಿತ್ರದುರ್ಗದ ಕಡೆಯವರಾದ ನಾವು ವಿಜಯವಾಡದಲ್ಲಿ ಮೂರು ವರ್ಷ ಇದ್ದು, ಅಲ್ಲಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಿದ್ದೆವು. ಬಂದರಿನ ಕಡೆಯಿಂದ ದಿಬ್ಬ ಏರಿ ಬರುವ ರಸ್ತೆಯಲ್ಲಿ ಒಂದು ಅಪಾರ್ಟ್‌ಮೆಂಟು. ನಮ್ಮದು ಮೂರನೇ ಮಹಡಿ. ಬಾಲ್ಕನಿಯಲ್ಲಿ ನಿಂತರೆ ಹಡಗಿನ ತುದಿ ಕಾಣುತ್ತಿತ್ತು, ಬಟ್ಟೆ ಒಣಹಾಕಿದರೆ ಉಪ್ಪುಗಾಳಿಗೆ ಸಂಜೆಯವರೆಗೂ ಅಂಟಂಟು. ಆದರೂ ವಿಜಯವಾಡದ ಬಿಸಿಲಿನಿಂದ ಬಂದವಳಿಗೆ ಆ ಗಾಳಿಯೇ ದೇವರು ಕೊಟ್ಟದ್ದು ಅನ್ನಿಸುತ್ತಿತ್ತು.

ವಿಜಯವಾಡದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲಿ ತಪ್ಪು ನನ್ನದೂ ಇದೆ. ಅಲ್ಲಿ ನಮ್ಮದು ಕಾಲುವೆಯ ಹತ್ತಿರದ ಒಂದು ಗಲ್ಲಿ. ಆ ಗಲ್ಲಿಯಲ್ಲಿ ಒಂದು ಕಂದು ಬಣ್ಣದ ಬೀದಿನಾಯಿ ಇತ್ತು. ಮಧ್ಯಾಹ್ನ ಉಳಿದ ಮೊಸರನ್ನವನ್ನು ನಾನು ಗೇಟಿನ ಹೊರಗೆ ಒಂದು ಹಳೆಯ ತಟ್ಟೆಯಲ್ಲಿ ಹಾಕುತ್ತಿದ್ದೆ. ಮಗಳಿಗೆ ಆಗ ಐದು ವರ್ಷ. ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಅದು ತಿನ್ನುವುದನ್ನು ನೋಡುತ್ತಿದ್ದಳು, ಕಿವಿ ಹಿಡಿದು ಮಾತಾಡಿಸುತ್ತಿದ್ದಳು. ತಿಂಗಳೆರಡು ತಿಂಗಳಲ್ಲಿ ನಾಯಿ ನಮ್ಮ ಗೇಟನ್ನು ತನ್ನದು ಎಂದು ತಿಳಿದುಕೊಂಡಿತು. ಸೈಕಲ್ಲಿನಲ್ಲಿ ಮೊಸರು ಮಾರಲು ಬರುವ ಮುದುಕ ಕಂಡರೆ ಬೀದಿಯ ಕೊನೆಯವರೆಗೂ ಅಟ್ಟಿಕೊಂಡು ಹೋಗುತ್ತಿತ್ತು. ಒಂದು ದಿನ ಅವನು ಕಾಲು ಎರಡನ್ನೂ ಹ್ಯಾಂಡಲ್ಲಿನ ಮೇಲೆ ಎತ್ತಿಕೊಂಡು, ಕ್ಯಾನು ಗಡಗಡ ಅನ್ನಿಸುತ್ತಾ, "ಅಮ್ಮಾ, ನಿಮ್ಮ ನಾಯಿ!" ಎಂದು ಕೂಗಿದ.

ನಾನು ಗೇಟಿನ ಒಳಗೆ ನಿಂತು, "ನಮ್ಮದಲ್ಲಪ್ಪಾ. ಏನೂ ಮಾಡಲ್ಲ ಅದು, ಹೋಗು" ಎಂದೆ.

ಹಾಗಂದದ್ದು ಎರಡೇ ವರ್ಷದಲ್ಲಿ ನನ್ನ ಕಿವಿಗೇ ಬಂತು.

ವಿಶಾಖಪಟ್ಟಣದ ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬರು ಕಂಟ್ರಾಕ್ಟರು ಇದ್ದರು. ಹಡಗಿನಿಂದ ಸರಕು ಇಳಿಸುವ ಕೆಲಸ ವಹಿಸಿಕೊಳ್ಳುತ್ತಿದ್ದವರು, ಆಗ ವಯಸ್ಸಾಯಿತೆಂದು ಕಡಿಮೆ ಮಾಡಿಕೊಂಡಿದ್ದರು. ದೊಡ್ಡ ದೇಹ, ದೊಡ್ಡ ದನಿ, ಮನಸ್ಸು ಕೆಟ್ಟದ್ದಲ್ಲ. ಯಾರ ಮನೆಯಲ್ಲಿ ಗ್ಯಾಸು ಮುಗಿದರೂ ತಮ್ಮ ಮನೆಯ ಸಿಲಿಂಡರು ಎತ್ತಿಕೊಂಡು ಮೆಟ್ಟಿಲು ಹತ್ತಿ ಬರುವವರು. ಅವರ ಹತ್ತಿರ ಒಂದು ಆಲ್ಸೇಷಿಯನ್ ನಾಯಿ. ಯಾವುದೋ ಇಂಗ್ಲಿಷ್ ರಾಜನ ಹೆಸರಿಟ್ಟಿದ್ದರು. ಬೆಳಿಗ್ಗೆ ಬೀಚ್ ರೋಡಿಗೆ ಅದನ್ನು ಕರೆದುಕೊಂಡು ಹೋಗುವಾಗ ನೋಡಬೇಕು. ನಾಯಿ ನೂರು ಗಜ ಮುಂದೆ, ಅವರು ಹಿಂದೆ. ಸರಪಳಿಯನ್ನು ತಮ್ಮ ಮುಂಗೈಗೆ ಬಳೆಯ ಹಾಗೆ ಸುತ್ತಿಕೊಂಡಿರುತ್ತಿದ್ದರು. ವಾಕಿಂಗಿಗೆ ಬಂದ ಮುದುಕರು ಮರಳಿಗೆ ಇಳಿದು ದಾರಿ ಬಿಡುತ್ತಿದ್ದರು. ಯಾರಾದರೂ ಕಿರುಚಿದರೆ ಇವರು ಹಿಂದಿನಿಂದಲೇ ಕೈಯೆತ್ತಿ, "ಏಮೀ ಚೆಯ್ಯದು! ಏಮೀ ಚೆಯ್ಯದು!" ಏನೂ ಮಾಡುವುದಿಲ್ಲವಂತೆ.

ಬೀಚಿನಿಂದ ಬಂದ ಮೇಲೆ ಆ ನಾಯಿ ನಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ಮಲಗುತ್ತಿತ್ತು. ಅಲ್ಲಿ ನೆಲ ತಂಪು. ಮೇಲಿನ ಮನೆಗಳವರೆಲ್ಲ, ಹಾಲು ತರುವವರಿರಲಿ, ಆಫೀಸಿಗೆ ಹೋಗುವವರಿರಲಿ, ಅದನ್ನು ದಾಟಿಕೊಂಡೇ ಹೋಗಬೇಕು. ಒಮ್ಮೊಮ್ಮೆ ಸುಮ್ಮನೆ ಬಿಡುತ್ತಿತ್ತು, ಒಮ್ಮೊಮ್ಮೆ ಹಲ್ಲು ತೋರಿಸುತ್ತಿತ್ತು. ಎರಡರಲ್ಲಿ ಯಾವುದು ಎಂದು ಮುಂಚೆ ಅದಕ್ಕೇ ಗೊತ್ತಿರುತ್ತಿರಲಿಲ್ಲ ಅಂತ ನನ್ನ ಅಂದಾಜು.

ಆಷಾಢದ ಒಂದು ಬೆಳಿಗ್ಗೆ ಸ್ಕೂಲಿನ ರಿಕ್ಷಾದವನು ಗಂಟೆ ಹೊಡೆದ. ಮಗಳಿಗೆ ಆಗ ಏಳು. ಚೀಲ ಬೆನ್ನಿಗೆ ಹಾಕಿಕೊಂಡು ಧಡಧಡ ಇಳಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಕೆಳಗಿನಿಂದ ಬಂದ ಕೂಗು ಅವಳದೇ ಎಂದು ಗೊತ್ತಾಗಲು ಒಂದು ಕ್ಷಣ ಹಿಡಿಯಿತು. ಅಂಥ ಕೂಗನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ.

ಮೀನಖಂಡದಲ್ಲಿ ನಾಲ್ಕು ಹಲ್ಲಿನ ಗುರುತು. ಬಿಳಿ ಸಾಕ್ಸು ಕೆಂಪಾಗಿತ್ತು. ಕಂಟ್ರಾಕ್ಟರು ಓಡಿಬಂದು ನಾಯಿಯ ಕೊರಳು ಹಿಡಿದುಕೊಂಡಿದ್ದರು. ಅವರ ಮುಖವೂ ಬಿಳಿಚಿತ್ತು. ಆದರೆ ಬಾಯಿಂದ ಬಂದದ್ದು ಇದು: "ಮಗು ಓಡಬಾರದಾಗಿತ್ತಮ್ಮಾ. ಓಡಿದರೆ ಅದು ಆಟ ಅಂದುಕೊಳ್ಳುತ್ತೆ."

"ಸೂಜಿ ಹಾಕಿಸಿದ್ದೀರಾ ಅದಕ್ಕೆ?" ಎಂದೆ. ನಮ್ಮ ಮಾತೆಲ್ಲ ತೆಲುಗಿನಲ್ಲೇ. ನನ್ನ ತೆಲುಗು ವಿಜಯವಾಡದ ತರಕಾರಿ ಮಾರ್ಕೆಟ್ಟಿನಲ್ಲಿ ಕಲಿತದ್ದು, ಚೌಕಾಸಿಗೆ ಸಾಕು, ಜಗಳಕ್ಕೆ ಸಾಲದು.

"ಹಾಕಿಸಿದ್ದೀನಮ್ಮಾ. ಹೋದ ವರ್ಷವೋ, ಅದರ ಹಿಂದಿನ ವರ್ಷವೋ. ಚೀಟಿ ಇಲ್ಲೇ ಎಲ್ಲೋ ಇರಬೇಕು."

ಚೀಟಿ ಸಿಗಲಿಲ್ಲ. ಬೀರು ತೆಗೆದರು, ಹಾಸಿಗೆಯ ಕೆಳಗೆ ನೋಡಿದರು, ಪಂಚಾಂಗದ ಹಾಳೆಗಳ ಮಧ್ಯೆ ಹುಡುಕಿದರು. ಒಂದು ತುಂಡು ಕಾಗದ ಸಿಗದೇ ಹೋದದ್ದಕ್ಕೆ ನನ್ನ ಮಗಳು ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ಫ್ರಾಕು ಎತ್ತಿಕೊಂಡು ಮಲಗಬೇಕಾಯಿತು. ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್ನು ಅಂದರು ಡಾಕ್ಟರು. ನನ್ನ ಮುಖ ನೋಡಿ ಏನನ್ನಿಸಿತೋ, "ಸಾಕಿದ ನಾಯಿ ಅಲ್ವೇನಮ್ಮಾ? ಹತ್ತು ದಿನ ಅದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಹತ್ತು ದಿನ ಅದು ಚೆನ್ನಾಗಿದ್ದರೆ ಮಗುವಿಗೆ ಏನೂ ಇಲ್ಲ ಅಂತಲೇ ಅರ್ಥ. ಇಂಜೆಕ್ಷನ್ನೂ ಅಲ್ಲಿಗೇ ನಿಲ್ಲಿಸಬಹುದು" ಎಂದರು.

ಹೀಗೆ ನಾನು ಆ ನಾಯಿಯ ಆಯುಸ್ಸು ಕಾಯುವವಳಾದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದೆ. ಬಾಲ ಆಡಿಸಿದರೆ ಒಂದು ನಮಸ್ಕಾರ. ತಿಂದಿತೇ, ನೀರು ಕುಡಿಯಿತೇ ಎಂದು ಕೆಳಗಿನ ಮನೆಯಾಕೆಯನ್ನು ದಿನಕ್ಕೆ ಎರಡು ಸಲ ಕೇಳುತ್ತಿದ್ದೆ. ಮೂರನೇ ದಿನ ಅದು ಅನ್ನ ಬಿಟ್ಟಿತು ಎಂದು ಕೇಳಿ ಹೊತ್ತಲ್ಲದ ಹೊತ್ತಿನಲ್ಲಿ ಇನ್ನೊಂದು ದೀಪ ಹಚ್ಚಿದೆ. ಆಮೇಲೆ ಗೊತ್ತಾಯಿತು, ಹಿಂದಿನ ದಿನ ಯಾರೋ ಮೀನು ಹಾಕಿದ್ದರು, ಅದರ ರುಚಿ ಹತ್ತಿ ಅನ್ನ ಬೇಡವಾಗಿತ್ತು.

ಹತ್ತಿರದ ದೇವಸ್ಥಾನಕ್ಕೆ ಹೋಗಿ ಒಂದು ಅರ್ಚನೆಯನ್ನೂ ಮಾಡಿಸಿದೆ. ಅರ್ಚಕರು ಹೆಸರು ಕೇಳಿದರು. ಹೇಳಿದೆ. ಅವರು ಹೂವಿನ ಬುಟ್ಟಿಯಿಂದ ತಲೆಯೆತ್ತಿ ನೋಡಿದರು.

"ಯಾರಮ್ಮಾ, ಕ್ರಿಶ್ಚಿಯನ್ನರಾ?"

"ಅಲ್ಲ ಸ್ವಾಮೀ. ನಾಯಿ."

"ಗೋತ್ರ?" ಅಭ್ಯಾಸದಲ್ಲಿ ಬಾಯಿಗೆ ಬಂದುಬಿಟ್ಟಿತು ಅವರಿಗೆ. ಆಮೇಲೆ ತಾವೇ ನಕ್ಕು, "ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಹೇಳೋದು, ಇವರಿಗೂ ಅದೇ ಆಗಲಿ" ಎಂದು ಸಂಕಲ್ಪ ಮಾಡಿದರು. ಆ ಪುಣ್ಯಾತ್ಮರು ಬೈದು ಕಳಿಸಬಹುದಿತ್ತು, ಕಳಿಸಲಿಲ್ಲ.

ಹತ್ತನೇ ದಿನ ನಾಯಿ ಮೆಟ್ಟಿಲ ಬುಡದಲ್ಲಿ ಮೈಮುರಿದು ಆಕಳಿಸಿತು. ಇಂಜೆಕ್ಷನ್ನು ಹತ್ತಕ್ಕೇ ನಿಂತಿತು. ನಾಲ್ಕು ಉಳಿಯಿತು. ಹಲ್ಲು ಕಾಲಿಗೆ ಬಿತ್ತು, ಮುಖಕ್ಕೆ ಬೀಳಲಿಲ್ಲ. ಸೂಜಿ ಚುಚ್ಚುವ ನರ್ಸಮ್ಮ ಮಗುವಿಗೆ ಲೆಕ್ಕ ಹೇಳಿಸುತ್ತಾ ಹತ್ತು ಅನ್ನುವಷ್ಟರಲ್ಲಿ ಮುಗಿಸುತ್ತಿದ್ದಳು. ಇಷ್ಟಕ್ಕೆಲ್ಲ ನಾನು ಒಂದೊಂದಾಗಿ ದೇವರಿಗೆ ಕೈಮುಗಿದೆ.

ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

ಮಗಳು ಕೆಳಗೆ ಇಳಿಯುವುದನ್ನೇ ಬಿಟ್ಟಳು. ಮೊದಲನೇ ಮಹಡಿಯ ತಿರುವಿನವರೆಗೆ ಬರುತ್ತಿದ್ದಳು, ಅಲ್ಲಿಂದ ಕೆಳಗೆ ಒಂದು ಹೆಜ್ಜೆ ಇಲ್ಲ. ಗೋಡೆಗೆ ಬೆನ್ನು ಒತ್ತಿ ನಿಂತು, "ಅಮ್ಮ, ಕುಕ್ಕ ಇದೆಯಾ ನೋಡು" ಅನ್ನುತ್ತಿದ್ದಳು. ನಾಯಿ ಅನ್ನುವುದು ಹೋಗಿ ತೆಲುಗಿನ ಕುಕ್ಕ ಬಂದಿತ್ತು. ಭಯ ಅವಳಿಗೆ ಆ ಭಾಷೆಯಲ್ಲೇ ಬಂದಿತ್ತೋ ಏನೋ. ನಾನು ಎತ್ತಿಕೊಂಡು ಹೋಗಬೇಕು, ಏಳು ವರ್ಷದ ಹುಡುಗಿಯನ್ನು. ನಾಯಿ ಇಲ್ಲದಿದ್ದರೂ ಕುತ್ತಿಗೆಗೆ ಉಗುರು ನಾಟಿಸಿ ಹಿಡಿದುಕೊಳ್ಳುತ್ತಿದ್ದಳು. ಸಂಜೆ ಮಕ್ಕಳೆಲ್ಲ ಕೆಳಗೆ ಆಡುವಾಗ ಇವಳು ಬಾಲ್ಕನಿಯ ಸರಳು ಹಿಡಿದು ಅಲ್ಲಿಂದಲೇ ಔಟು, ನಾಟೌಟು ಹೇಳುತ್ತಿದ್ದಳು. ಬೀದಿನಾಯಿಯ ಕಿವಿ ಹಿಡಿದು ಕೂರುತ್ತಿದ್ದ ಮಗು ಹೀಗಾದದ್ದು ನನಗೆ ಇಂಜೆಕ್ಷನ್ನಿಗಿಂತ ಹೆಚ್ಚು ನೋವು ಕೊಟ್ಟಿತು. ಅವಳು ಮತ್ತೆ ತಾನಾಗಿ ಆ ಮೆಟ್ಟಿಲು ಇಳಿಯಬೇಕು. ಆ ಮಳೆಗಾಲ ಪೂರ್ತಿ ನನಗೆ ಬೇಕಾಗಿದ್ದದ್ದು ಅಷ್ಟೇ.

"ನೀವೊಂದು ಮಾತು ಹೇಳಿ ಅವರಿಗೆ, ನಾಯೀನ ಕಟ್ಟಿಹಾಕಿ ಅಂತ" ಎಂದೆ ನಮ್ಮನೆಯವರಿಗೆ.

ಅವರು ಪೇಪರು ಮಡಚಿದರು. "ನೋಡೇ, ಅವರ ಖಾತೆ ನಮ್ಮ ಬ್ರಾಂಚಲ್ಲೇ ಇರೋದು. ನಾವು ಇನ್ನೊಂದೂವರೆ ವರ್ಷ ಇರೋರು. ಊರು ಬಿಟ್ಟು ಬಂದು ಜಗಳ ಯಾಕೆ?"

"ಒಂದೂವರೆ ವರ್ಷ ನಾನು ಅವಳನ್ನ ಎತ್ಕೊಂಡು ತಿರುಗಲಾ?"

"ದೊಡ್ಡವಳಾಗ್ತಾಳೆ, ಭಯ ಹೋಗುತ್ತೆ."

"ದೊಡ್ಡವಳಾದ್ರೆ ಭಾರಾನೂ ಆಗ್ತಾಳೆ ರೀ" ಎಂದೆ. ಅವರು ನಕ್ಕರು, ಅಷ್ಟೇ. ಬ್ಯಾಂಕಿನಲ್ಲಿ ಸಹಿ ಹಾಕುವ ಧೈರ್ಯ ಬೇರೆ, ಕೆಳಗಿನ ಮನೆಯ ಬಾಗಿಲು ತಟ್ಟುವ ಧೈರ್ಯ ಬೇರೆ. ನಾನು ಆಗಲೇ ಲೆಕ್ಕ ಹಾಕಿಕೊಂಡೆ, ಇದು ನಾನೇ ಮಾಡಬೇಕಾದ ಕೆಲಸ ಅಂತ. ಹೇಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ದಾರಿ ಶ್ರಾವಣ ತೋರಿಸಿತು.

ಕೆಳಗಿನ ಮನೆಯ ಮಗಳಿಗೆ ಆ ಬೇಸಿಗೆಯಲ್ಲಿ ಮದುವೆಯಾಗಿ ಪಕ್ಕದ ಊರು ಪೆಂದುರ್ತಿಗೆ ಕೊಟ್ಟಿದ್ದರು. ಮಂಗಳಗೌರಿ ನೋಂಪಿಗೆ ಅವಳು ತೌರಿಗೆ ಬಂದಳು. ಈ ವ್ರತ ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಮದುವೆಯಾದ ಮೊದಲ ಶ್ರಾವಣ ತಾಯಿಯ ಮನೆಯಲ್ಲಿ ಹಿಡಿಯಬೇಕು, ಮಂಗಳವಾರ ಮಂಗಳವಾರ ಗೌರಿಯನ್ನು ಕೂರಿಸಿ, ಹಿಟ್ಟಿನ ದೀಪಗಳ ಮೇಲೆ ದೋಸೆ ಮಗುಚುವ ಸಟ್ಟುಗ ಹಿಡಿದು ಕಾಡಿಗೆ ಕಟ್ಟಿಸಿ, ಐದು ಜನ ಮುತ್ತೈದೆಯರಿಗೆ ನೆನೆಸಿದ ಕಡಲೆಯ ವಾಯನ ಕೊಡಬೇಕು. ನಮ್ಮ ಬಾಗಿನ ಅಲ್ಲಿ ವಾಯನ. ಐವರು ಬಂದು ಸೆರಗೊಡ್ಡಿ ತೆಗೆದುಕೊಳ್ಳದಿದ್ದರೆ ಆ ವಾರದ ವ್ರತ ಪೂರ್ತಿಯಾಗುವುದಿಲ್ಲ.

ಮೊದಲ ಮಂಗಳವಾರದ ಬೆಳಿಗ್ಗೆ ಆಕೆಯ ತಾಯಿ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹತ್ತಿ ಬಂದರು. ಆ ಕಡೆ ಪೇರಂಟಕ್ಕೆ, ಅಂದರೆ ಅರಿಶಿನ ಕುಂಕುಮಕ್ಕೆ, ಬಾಯಲ್ಲಿ ಕರೆದರೆ ಸಾಲದು. ಹಣೆಗೆ ಕುಂಕುಮ ಇಟ್ಟು ಕರೆಯಬೇಕು. ಹಾಗೆ ಇಡಿಸಿಕೊಂಡ ಮೇಲೆ ಹೋಗದೇ ಇರುವಂತಿಲ್ಲ. "ವದಿನಗಾರೂ, ಸಂಜೆ ತಪ್ಪದೆ ಬರಬೇಕು" ಎಂದು ನನ್ನ ಹಣೆಗೂ ಇಟ್ಟರು. ಅತ್ತಿಗೆಯವರೇ ಎಂದು ಅದರ ಅರ್ಥ, ಅಲ್ಲಿ ಅಕ್ಕಪಕ್ಕದ ಹೆಂಗಸರು ಹಾಗೇ ಕರೆಯುವುದು.

ಸಂಜೆ ನಾನು ಸೀರೆ ಉಟ್ಟು, ಹೂ ಮುಡಿದು ಹೊರಟೆ. ಮಗಳು ಬಾಗಿಲಿಗೆ ಅಡ್ಡ ನಿಂತು ನನ್ನ ನೆರಿಗೆ ಹಿಡಿದುಕೊಂಡಳು. "ಅಮ್ಮ, ಹೋಗ್ಬೇಡ. ನಿನ್ನನ್ನೂ ಕಚ್ಚುತ್ತೆ. ನಿಂಗೂ ಹೊಟ್ಟೆಗೆ ಸೂಜಿ ಹಾಕ್ತಾರೆ." ಮೂರು ಮೆಟ್ಟಿಲಿಳಿದು ಬಗ್ಗಿ ನೋಡಿದೆ. ನಾಯಿ ಅವರ ಬಾಗಿಲಿಗೇ ಅಡ್ಡ ಮಲಗಿತ್ತು, ಕಟ್ಟಿರಲಿಲ್ಲ. ವಾಪಸ್ಸು ಬಂದು ಸೀರೆ ಬದಲಾಯಿಸಿದೆ.

ಮರುದಿನ ತಿಳಿಯಿತು, ಬೇರೆ ಯಾರೂ ಹೋಗಿರಲಿಲ್ಲ. ಎರಡನೇ ಮಹಡಿಯವರಿಗೆ ತಲೆನೋವು, ಮೊದಲನೆಯವರಿಗೆ ನೆಂಟರು, ನಮ್ಮ ಎದುರುಮನೆಯವರಿಗೆ ಏನೋ ಒಂದು. ಎಲ್ಲರೂ ಹಣೆಗೆ ಕುಂಕುಮ ಇಡಿಸಿಕೊಂಡವರೇ, ಎಲ್ಲರೂ ಕೆಳಗೆ ಬಗ್ಗಿ ನೋಡಿ ವಾಪಸ್ಸು ಹೋದವರೇ. ಬರುವುದಿಲ್ಲ, ನಿಮ್ಮ ನಾಯಿಯ ಭಯ ಎಂದು ಒಬ್ಬರೂ ಹೇಳಲಿಲ್ಲ. ಮರ್ಯಾದೆ ನೋಡಿಕೊಂಡೆವು. ಆ ಹುಡುಗಿ ಐದು ವಾಯನ ಮುಂದಿಟ್ಟುಕೊಂಡು ದೀಪ ಹಚ್ಚುವ ಹೊತ್ತಿನವರೆಗೆ ಕೂತಿದ್ದಳಂತೆ. ಹೂ ಮಾರುವಾಕೆ ಬಂದಳು, ಪಕ್ಕದ ಬೀದಿಯ ಒಬ್ಬ ಅಜ್ಜಿ ಬಂದರು. ಮೂರು ಹಾಗೇ ಉಳಿದವು. ಅದನ್ನು ದೇವಸ್ಥಾನಕ್ಕೆ ಕಳಿಸಿದರು.

ಕೇಳಿ ನನಗೆ ಊಟ ಸೇರಲಿಲ್ಲ. ಕುಂಕುಮ ಇಡಿಸಿಕೊಂಡು ಹೋಗದೇ ಇದ್ದದ್ದು ಒಂದು, ಹೊಸ ಮದುವಣಗಿತ್ತಿಯ ವ್ರತ ಕುಂಟಿದ್ದು ಇನ್ನೊಂದು. ಎರಡೂ ನನ್ನ ತಲೆಯ ಮೇಲೇ ಕೂತವು.

ಶನಿವಾರ ಆ ತಾಯಿ ನಮ್ಮ ಮನೆಗೆ ಬಂದರು. ಬಟ್ಟಲು ತಂದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು, "ವದಿನಗಾರೂ, ನನ್ನ ಮಗಳ ಮದುವೆ ಬಗ್ಗೆ ಯಾರಾದರೂ ಏನಾದರೂ ಮಾತಾಡ್ತಿದ್ದಾರಾ? ನಿಜ ಹೇಳಿ. ಇಡೀ ಕಟ್ಟಡದಲ್ಲಿ ಒಬ್ಬ ಹೆಣ್ಣುಮಗಳು ನನ್ನ ಮನೆ ಮೆಟ್ಟಲಿಲ್ಲ ಅಂದ್ರೆ ಏನರ್ಥ?"

ನಾಲ್ಕು ದಿನದಿಂದ ಆಕೆ ಹಾಗೆ ಕೊರಗಿದ್ದರು. ಕಣ್ಣ ಮುಂದೆ ಮಲಗಿದ್ದ ನಾಯಿ ಆಕೆಗೆ ಹೊಳೆದೇ ಇರಲಿಲ್ಲ. ಸಾಕಿದವರಿಗೆ ಅದು ಕಾಣುವುದಿಲ್ಲ. ಮೊಸರಿನ ಮುದುಕ ಕಾಲೆತ್ತಿಕೊಂಡು ಹೋಗುವಾಗ ನನಗೂ ಕಂಡಿರಲಿಲ್ಲ.

"ಮಗಳ ಮೇಲೆ ಯಾರಿಗೂ ಏನೂ ಇಲ್ಲ" ಎಂದೆ. "ನಿಮ್ಮ ಬಾಗಿಲಲ್ಲಿ ಮಲಗಿರುತ್ತಲ್ಲ, ಅದಕ್ಕೆ ಹೆದರಿ ಬರಲಿಲ್ಲ. ನಾನೂ ಅಷ್ಟೇ. ಮೂರು ಮೆಟ್ಟಿಲಿಳಿದು ವಾಪಸ್ಸು ಬಂದೆ."

ಆಕೆ ನನ್ನನ್ನೇ ನೋಡಿದರು. "ಬರೀ ನಾಯಿಗಾ?"

"ನನ್ನ ಮಗಳನ್ನ ಒಂದ್ಸಲ ನೋಡಿ" ಎಂದು ಒಳಗಿಂದ ಕರೆದೆ. ಅವಳು ಬಂದವಳು ಆಕೆಯ ಹಿಂದೆ, ಬಾಗಿಲಾಚೆ ನೋಡಿದಳು, ನಾಯಿ ಜೊತೆಗೆ ಬಂದಿದೆಯೋ ಎಂದು. ಆ ನೋಟ ಆಕೆಗೆ ಅರ್ಥವಾಯಿತು. ಕಣ್ಣೊರೆಸಿಕೊಂಡರು. "ನಮ್ಮ ಯಜಮಾನರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ ವದಿನಗಾರೂ. ಕಟ್ಟಿದರೆ ಅದರ ಸ್ವಭಾವ ಕೆಡುತ್ತೆ ಅಂತಾರೆ. ನಾನು ಮಂಗಳವಾರ ಒಂದಿನ ಹೇಗಾದರೂ ಕಟ್ಟಿಸ್ತೀನಿ. ನೀವು ಬನ್ನಿ."

"ನಾನು ಬರ್ತೀನಿ. ಉಳಿದವರನ್ನ ಕರ್ಕೊಂಡು ಬರೋದು ನನಗೆ ಬಿಡಿ" ಎಂದೆ. ಮಂಗಳವಾರ ಒಂದಿನ ಎಂಬ ಮಾತು ಮಾತ್ರ ನನಗೆ ಹಿಡಿಸಲಿಲ್ಲ.

ಎರಡನೇ ಮಂಗಳವಾರ ಮಹಡಿ ಮಹಡಿಗೆ ಹೋಗಿ ಹೆಂಗಸರನ್ನು ಹೊರಡಿಸಿದೆ. ನಾಲ್ಕು ಜನ ನನ್ನ ಹಿಂದೆ ಸಾಲಾಗಿ ಇಳಿದರು. ಮಗಳು ನಮ್ಮನೆಯವರ ಜೊತೆ ಮೇಲೇ ಉಳಿದಳು. ಕೆಳಗೆ ಕಂಟ್ರಾಕ್ಟರು ಅಂಗಳದ ಮೂಲೆಯಲ್ಲಿ ನಾಯಿಯ ಕೊರಳಪಟ್ಟಿ ಹಿಡಿದು ಕೂತಿದ್ದರು. ಸರಪಳಿ ಆಗಲೂ ಅವರ ಮುಂಗೈಯಲ್ಲೇ. "ಬನ್ನಿ ಬನ್ನಿ, ಹುಲಿಯನ್ನ ಹಿಡಿದಿದ್ದೀನಿ!" ಎಂದು ನಮ್ಮನ್ನು ಹಾಸ್ಯ ಮಾಡಿದರು. ಎರಡನೇ ಮಹಡಿಯಾಕೆ ನನ್ನ ಬೆನ್ನಿಗೆ ಅಂಟಿಕೊಂಡೇ ಒಳಗೆ ಬಂದಳು.

ಗೌರಿ ಚೆನ್ನಾಗಿ ಕೂತಿದ್ದಳು. ಹಿಟ್ಟಿನ ದೀಪಗಳು ಉರಿಯುತ್ತಿದ್ದವು, ಹುಡುಗಿಯ ಕಣ್ಣಿಗೆ ಹೊಸ ಕಾಡಿಗೆ. ಮೊದಲ ವಾಯನ ನನಗೆ. ಅಲ್ಲಿ ಕೊಡುವವರು "ಇಸ್ತಿನಮ್ಮಾ ವಾಯನಂ" ಅನ್ನಬೇಕು, ಕೊಟ್ಟೆನಮ್ಮಾ ಎಂದು. ತೆಗೆದುಕೊಳ್ಳುವವರು "ಪುಚ್ಚುಕುಂಟಿನಮ್ಮಾ ವಾಯನಂ" ಅನ್ನಬೇಕು, ತೆಗೆದುಕೊಂಡೆನಮ್ಮಾ ಎಂದು. ಹೀಗೆ ಮೂರು ಸಲ. ನಾನು ಸೆರಗೊಡ್ಡಿ ಕೂತೆ. ಹುಡುಗಿ ಸೆರಗಿನ ಮೇಲೆ ವಾಯನ ಹಿಡಿದು, "ಇಸ್ತಿನಮ್ಮಾ ವಾಯನಂ" ಎಂದಳು.

ನಾನು ಸುಮ್ಮನಿದ್ದೆ.

ಮೊದಲೇ ಯೋಚಿಸಿ ಹೋದದ್ದಲ್ಲ ಇದು. ಅಂಗಳದಿಂದ ಆ ನಾಯಿ ಒಂದು ಸಲ ಬೊಗಳಿತು, ಮೂರನೇ ಮಹಡಿಯಲ್ಲಿ ನಮ್ಮ ಬಾಲ್ಕನಿಯ ಬಾಗಿಲು ಧಡಾರನೆ ಮುಚ್ಚಿಕೊಂಡ ಸದ್ದು ನನಗೆ ಇಲ್ಲಿಗೆ ಕೇಳಿಸಿತು. ಹುಡುಗಿ ಮತ್ತೊಮ್ಮೆ ಹೇಳಿದಳು. ಎಲ್ಲರೂ ನನ್ನ ಮುಖ ನೋಡಿದರು. ವಾಯನ ಬೇಡ ಅನ್ನುವುದು ಪಾಪ ಎಂದು ನನಗೆ ಗೊತ್ತು. ಬೇಡ ಅನ್ನಲಿಲ್ಲ ನಾನು. ಸೆರಗು ಒಡ್ಡಿಕೊಂಡೇ ಇದ್ದೆ.

"ನಿಮ್ಮ ತಂದೆಯವರನ್ನ ಇಲ್ಲಿಗೆ ಕರಿಯಮ್ಮಾ" ಎಂದೆ. "ಅವರು ಒಂದು ಮಾತು ಹೇಳಲಿ, ಆಮೇಲೆ ತಗೋತೀನಿ."

ಅವರು ನಾಯಿಯನ್ನು ಸ್ನಾನದ ಮನೆಗೆ ತಳ್ಳಿ ಅಗುಳಿ ಹಾಕಿ, ಬಾಗಿಲಲ್ಲಿ ಬಂದು ನಿಂತರು. "ಏನು ಚೆಲ್ಲೆಮ್ಮಾ?" ಅಂದರು. ತಂಗಿ ಎಂದೇ ಯಾವಾಗಲೂ ಕರೆಯುತ್ತಿದ್ದದ್ದು.

"ಅನ್ನಯ್ಯಗಾರೂ, ಇವತ್ತು ನೀವು ಹಿಡ್ಕೊಂಡಿದ್ರಿ, ನಾವು ಬಂದ್ವಿ. ನಾಳೆ ಬುಧವಾರ. ನನ್ನ ಮಗಳು ಸ್ಕೂಲಿಗೆ ಹೋಗಬೇಕು. ನೀವು ಆ ಸರಪಳೀನ ನಿಮ್ಮ ಕೈಗೆ ಕಟ್ಕೊಂಡು ತಿರುಗ್ತೀರಿ, ಕಟ್ಟಬೇಕಾದ್ದು ಅದರ ಕೊರಳಿಗೆ. ಮಕ್ಕಳು ಹೋಗಿ ಬರೋ ಹೊತ್ತಲ್ಲಿ, ಬೀಚಲ್ಲಿ, ಮೆಟ್ಟಿಲಲ್ಲಿ, ಎಲ್ಲ ಕಡೆ. ಸೂಜೀನೂ ಹಾಕಿಸಬೇಕು, ಚೀಟೀನೂ ಇರಬೇಕು. ಈ ದೀಪದ ಮುಂದೆ ಹೇಳಿ, ಸಾಕು."

ನನ್ನ ಮಾರ್ಕೆಟ್ಟಿನ ತೆಲುಗು ಅಷ್ಟೂ ತಡವರಿಸದೆ ಬಂತು. ಗೌರಿಯೇ ಹೇಳಿಸಿದಳು ಅಂತ ನನ್ನ ನಂಬಿಕೆ.

ಅವರಿಗೆ ಕೋಪ ಬಂತು. ಹೆಂಗಸರ ಮುಂದೆ, ಹಬ್ಬದ ದಿನ. "ಎಷ್ಟು ಸಲ ಹೇಳೋದಮ್ಮಾ, ಅದು ಮಗು ಇದ್ದ ಹಾಗೆ, ಏಮೀ ಚೆಯ್ಯದು..."

"ನಾನ್ನಾ" ಎಂದಳು ಅವರ ಮಗಳು. ಅಪ್ಪಾ ಎಂದು ಕರೆದದ್ದು ಮೆಲ್ಲಗೆ, ವಾಯನವನ್ನು ಇನ್ನೂ ನನ್ನ ಸೆರಗಿನ ಮೇಲೇ ಹಿಡಿದುಕೊಂಡಿದ್ದಳು. "ಏನೂ ಮಾಡಲ್ಲ ಅಂತ ನೀವು ನಮ್ಮ ಅತ್ತೆಯವರಿಗೂ ಹೇಳಿದ್ರಿ. ಅವರು ಗೇಟಿನಿಂದಾನೇ ವಾಪಸ್ಸು ಹೋದ್ರು. ನಿಮ್ಮ ಅಳಿಯ ನನ್ನನ್ನ ಬಿಡೋಕೆ ಬಂದು ರಸ್ತೆ ಆಚೆ ನಿಂತಿದ್ರು, ಕಾಫಿ ಕೂಡ ಕುಡೀಲಿಲ್ಲ. ಹೋದ ವಾರ ನಾನು ಇಲ್ಲಿ ಒಬ್ಬಳೇ ಕೂತಿದ್ದೆ. ಅದು ಏನೂ ಮಾಡದೇನೇ ಇಷ್ಟೆಲ್ಲ ಆಯ್ತಾ?"

ಸ್ನಾನದ ಮನೆಯಲ್ಲಿ ನಾಯಿ ಬಾಗಿಲು ಕೆರೆಯುತ್ತಿತ್ತು. ಆ ದೊಡ್ಡ ಮನುಷ್ಯ ಮಗಳನ್ನು ನೋಡಿದರು, ಆಮೇಲೆ ತಮ್ಮ ಮುಂಗೈ ನೋಡಿಕೊಂಡರು. ಸುತ್ತು ಬಿಚ್ಚಿ ಸರಪಳಿಯನ್ನು ಹೆಂಡತಿಯ ಕೈಗೆ ಕೊಟ್ಟರು. "ಸರಿ. ಕಟ್ತೀನಿ" ಎಂದರು. "ದೀಪದ ಮುಂದೆ ಹೇಳ್ತಿದ್ದೀನಿ. ಸಾಕಾ ಚೆಲ್ಲೆಮ್ಮಾ?"

ನಾನು ಹುಡುಗಿಯ ಕಡೆ ತಿರುಗಿ, "ಪುಚ್ಚುಕುಂಟಿನಮ್ಮಾ ವಾಯನಂ" ಎಂದೆ. ಮೂರು ಸಲವೂ ದೊಡ್ಡ ದನಿಯಲ್ಲಿ. ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಐದು ವಾಯನವೂ ಅವತ್ತು ಮುಗಿಯಿತು.

ಮೇಲೆ ಬಂದು ಹೇಳಿದರೆ ನಮ್ಮನೆಯವರು ತಲೆಯ ಮೇಲೆ ಕೈ ಹೊತ್ತರು. "ಅವರ ಮನೆಯಲ್ಲೇ ಕೂತು ಅವರಿಗೇ ಹೇಳಿ ಬಂದ್ಯಾ? ನಾಳೆ ಅವರು ಬ್ರಾಂಚಿಗೆ ಬಂದ್ರೆ ನಾನು ಮುಖ ಹೇಗೆ ತೋರಿಸ್ಲಿ?"

"ನಗ್ತಾ ತೋರಿಸಿ" ಎಂದೆ. ಕಂಟ್ರಾಕ್ಟರು ಆ ವಾರವೇ ಬ್ರಾಂಚಿಗೆ ಬಂದರು, ಖಾತೆ ಮುಚ್ಚಲಿಲ್ಲ. "ನಿಮ್ಮ ಹೆಂಡತಿಗೆ ಮ್ಯಾನೇಜರು ಕೆಲಸ ಕೊಡಿಸಿ" ಎಂದು ಹೇಳಿ ಹೋದರಂತೆ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಗುರುವಾರ ಮರೆತರು. ನಾನು ಬಾಲ್ಕನಿಯಿಂದ ಎರಡು ಚಪ್ಪಾಳೆ ತಟ್ಟಿದೆ, ಕೈಯಾಡಿಸಿ ಕಟ್ಟಿದರು. ಇನ್ನೊಮ್ಮೆ ಬೀಚಿನಲ್ಲಿ ಬಿಟ್ಟಿದ್ದರು ಎಂದು ಯಾರೋ ಬಂದು ನನಗೇ ದೂರು ಹೇಳಿದರು, ನಾನು ಆ ನಾಯಿಯ ಪೊಲೀಸು ಅನ್ನುವ ಹಾಗೆ. ಅದನ್ನೂ ಅವರಿಗೆ ಮುಟ್ಟಿಸಿದೆ. ಸೂಜಿ ಹಾಕಿಸಿದ ಚೀಟಿಯನ್ನು ಅವರು ತಾವೇ ತಂದು ತೋರಿಸಿದರು. ಕಟ್ಟಿದರೆ ನಾಯಿಯ ಸ್ವಭಾವ ಕೆಡಲಿಲ್ಲ. ದಿನಾ ಹೊತ್ತಿಗೆ ಸರಿಯಾಗಿ ಸರಪಳಿಯಲ್ಲೇ ತಿರುಗಾಡಿಸಿದ ಮೇಲೆ ಬೊಗಳುವುದು ಕಡಿಮೆಯೇ ಆಯಿತು.

ಮಗಳಿಗೆ ಮಾತ್ರ ನಂಬಿಕೆ ಬರಲಿಲ್ಲ. ಕಟ್ಟಿದ್ದಾರೆ ಅಂದರೆ, "ಬಿಚ್ಕೊಂಡ್ರೆ?" ಅನ್ನುತ್ತಿದ್ದಳು.

ಮೂರನೇ ಮಂಗಳವಾರ ಅವಳು ನನ್ನ ಸೆರಗು ಹಿಡಿದು ಮೊದಲನೇ ಮಹಡಿಯ ತಿರುವಿನವರೆಗೆ ಬಂದಳು. ಕೆಳಗೆ ಕಂಟ್ರಾಕ್ಟರು ಇದ್ದರು. ಹಿಂದಿನ ದಿನವಷ್ಟೇ ಅಂಗಳದ ಆಚೆ ಗೋಡೆಗೆ ಒಂದು ಕಬ್ಬಿಣದ ಬಳೆ ಹಾಕಿಸಿದ್ದರು, ಸುತ್ತಲಿನ ಸಿಮೆಂಟು ಇನ್ನೂ ಹಸಿಯ ಬಣ್ಣದಲ್ಲಿತ್ತು. ನಾಯಿ ಅಲ್ಲಿ ಕಟ್ಟಿಸಿಕೊಂಡು ಕೂತಿತ್ತು. ಅವರು ತಲೆಯೆತ್ತಿ ಇವಳನ್ನು ಕಂಡರು.

"ಅಂಕುಲ್" ಎಂದಳು ಇವಳು ಮೇಲಿನಿಂದಲೇ, ತೆಲುಗಿನಲ್ಲಿ, "ಅದು ಗಟ್ಟಿ ಇದೆಯಾ?"

ಏನೂ ಆಗಲ್ಲಮ್ಮಾ ಅಂತ ಅನ್ನುತ್ತಾರೆ ಅಂದುಕೊಂಡೆ. ಅವರು ಅನ್ನಲಿಲ್ಲ. ಎದ್ದು ಹೋಗಿ, ಗೋಡೆಯ ಬಳೆಯ ಹತ್ತಿರ ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲನ್ನು ಗೋಡೆಗೆ ಕೊಟ್ಟು, ಮುಖ ಕೆಂಪಾಗುವವರೆಗೆ ಎಳೆದರು. ಪಂಚೆ ಸಡಿಲವಾಯಿತು, ಒಂದು ಕೈಯಲ್ಲಿ ಹಿಡಿದುಕೊಂಡು ಮತ್ತೆ ಎಳೆದರು. ನಾಯಿ ಅವರನ್ನು ಆಶ್ಚರ್ಯದಿಂದ ನೋಡುತ್ತಿತ್ತು. ಬಳೆ ಅಲುಗಲಿಲ್ಲ.

"ನೋಡು ತಾಯೀ" ಎಂದರು ಏದುಸಿರು ಬಿಡುತ್ತಾ. "ನಾನೇ ಎಳೆದರೂ ಬರಲ್ಲ. ಅದೆಲ್ಲಿ ಎಳೆದೀತು?"

ಅವಳು ಎರಡು ಮೆಟ್ಟಿಲು ಇಳಿದಳು. ಅವತ್ತಿಗೆ ಅಷ್ಟೇ. ಮರುದಿನ ನಾಲ್ಕು. ನಾನು ಬಲವಂತ ಮಾಡಲಿಲ್ಲ. ಪ್ರತಿದಿನ ಅವಳು ತಿರುವಿನಲ್ಲಿ ನಿಂತು ಮೊದಲು ಬಳೆ ನೋಡುವಳು, ಆಮೇಲೆ ಸರಪಳಿ, ಆಮೇಲೆ ನಾಯಿ. ನನ್ನ ಕೈ ಹಿಡಿಯುತ್ತಿದ್ದದ್ದು ಬೆರಳಿಗೆ ಇಳಿಯಿತು.

ನಾಲ್ಕನೇ ಮಂಗಳವಾರವೂ ಮುಗಿದು, ಹುಡುಗಿ ಪೆಂದುರ್ತಿಗೆ ಹೊರಡುವ ದಿನ ಅವಳ ಗಂಡ ಬಂದು ಒಳಗೆ ಕೂತು ಕಾಫಿ ಕುಡಿದ. ಅವಳ ತಾಯಿ ಅದನ್ನು ಹೇಳಲು ಮೂರು ಮಹಡಿ ಹತ್ತಿ ಬಂದಿದ್ದರು. ಅದಾಗಿ ಎರಡು ದಿನಕ್ಕೆ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಮಗಳು, "ಇವತ್ತು ನೀನು ಬರಬೇಡ ಅಮ್ಮ" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ, ಕೇಳಿದರೆ ಮನಸ್ಸು ಬದಲಾಯಿಸುತ್ತಾಳೋ ಎಂದು. ರಿಬ್ಬನ್ನು ಬಿಗಿದು ಚೀಲ ಕೊಟ್ಟೆ.

ಬಾಗಿಲಲ್ಲಿ ನಿಂತು ಅವಳ ಬೂಟಿನ ಸದ್ದು ಎಣಿಸಿದೆ. ಎರಡನೇ ಮಹಡಿ, ಮೊದಲನೇ ಮಹಡಿ, ತಿರುವು. ಅಲ್ಲಿ ಸದ್ದು ನಿಂತಿತು. ನಾಯಿ ಒಂದು ಸಲ ಬೊಗಳಿತು, ಸರಪಳಿ ಝಣ್ಣೆಂದಿತು. ನಾನು ಚೌಕಟ್ಟು ಹಿಡಿದುಕೊಂಡು, ತಾಯೀ, ತಾಯೀ ಅನ್ನುತ್ತಿದ್ದೆ. ಒಂದು ಹೆಜ್ಜೆ ಕೆಳಗೆ ಬಿತ್ತು. ಇನ್ನೊಂದು. ಆಮೇಲೆ ನಿಧಾನವಾಗಿ, ಒಂದನ್ನೂ ಬಿಡದೆ, ಕೊನೆಯ ಮೆಟ್ಟಿಲವರೆಗೆ.

ಬಾಲ್ಕನಿಗೆ ಓಡಿದೆ. ತಲೆಯೆತ್ತಿ ನೋಡುತ್ತಾಳೆ, ಕೈ ಬೀಸೋಣ ಎಂದು ಕೈ ಎತ್ತಿಯೇ ನಿಂತಿದ್ದೆ. ಅವಳು ನೋಡಲಿಲ್ಲ. ರಿಕ್ಷಾದ ಮುಂದಿನ ಸೀಟು ತನ್ನದು ಎಂದು ಎರಡನೇ ಮಹಡಿಯ ಹುಡುಗಿಯ ಜೊತೆ ಜೋರಾಗಿ ಜಗಳವಾಡುತ್ತಿದ್ದಳು.